ಒಂದು ಕರಡು ನಿಯಮದ ಬೆನ್ನು ಹತ್ತಿ: ಗವರ್ನಮೆಂಟ್ ಅಫೇರ್ಸ್ ಮುಖ್ಯಸ್ಥನಾಗಿ ನನ್ನ ಅನುಭವ

2023ರ ಫೆಬ್ರವರಿ 7ರಂದು ಹೆಲ್ಸಿಂಕಿಯಲ್ಲಿರುವ ಐರೋಪ್ಯ ಒಕ್ಕೂಟದ ರಾಸಾಯನಿಕ ಏಜೆನ್ಸಿ ಒಂದು ಪ್ರಸ್ತಾವ ಪ್ರಕಟಿಸಿತು. ಜರ್ಮನಿ, ನೆದರ್‌ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆ ಸೇರಿ ಸಿದ್ಧಪಡಿಸಿದ್ದು. ಪಿಎಫ್‌ಎಎಸ್ ಅನ್ನುವ ಗುಂಪಿನ, ಫ್ಲೋರಿನ್ ಇರುವ ಸುಮಾರು 10,000 ರಾಸಾಯನಿಕಗಳನ್ನು ಒಟ್ಟಿಗೇ ನಿರ್ಬಂಧಿಸಬೇಕು ಅನ್ನುವುದು ಅದರ ಸಾರ. ನಮ್ಮದು ಪಂಪು, ವಾಲ್ವು ತಯಾರಿಸುವ ದೊಡ್ಡ ಕಂಪನಿ. ಹಲವು ದೇಶಗಳಲ್ಲಿ ಕಾರ್ಖಾನೆಗಳಿವೆ, ಮಾರಾಟ ಇದೆ. ನಾವು ರಾಸಾಯನಿಕ ಮಾರುವವರಲ್ಲ. ಹಾಗಾಗಿ ಇದು ಬೇರೆ ಯಾರದೋ ಸುದ್ದಿ ಅಂತ ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಟ್ಟಿದ್ದರು.

ನಾನು ಬಿಡುವ ಹಾಗಿರಲಿಲ್ಲ. ನನ್ನನ್ನು ಆಗಷ್ಟೇ ಗವರ್ನಮೆಂಟ್ ಅಫೇರ್ಸ್, ಅಂದರೆ ಸರ್ಕಾರಗಳ ಜೊತೆಗಿನ ವ್ಯವಹಾರ ನೋಡಿಕೊಳ್ಳುವ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದ್ದರು. ಅದಕ್ಕೂ ಮುಂಚೆ ಕ್ವಾಲಿಟಿ ವಿಭಾಗದಲ್ಲಿ ಬಹಳ ವರ್ಷ ಕಳೆದವನು. ಸರ್ಕಾರಿ ಕಚೇರಿಗಳ ಪರಿಚಯ ಅಷ್ಟಕ್ಕಷ್ಟೇ. ಆದರೆ ಪಂಪು ಸೋರದಂತೆ ತಡೆಯುವ ಸೀಲು, ಗ್ಯಾಸ್ಕೆಟ್ಟುಗಳ ಪರಿಚಯ ಚೆನ್ನಾಗಿತ್ತು. ಪ್ರಸ್ತಾವ ಓದುವಾಗ ಆ ಗುಂಪಿಗೆ ಸೇರಿದ ಪಿಟಿಎಫ್‌ಇ ಅನ್ನುವ ಹೆಸರು ಕಣ್ಣಿಗೆ ಬಿತ್ತು. ನಿಮಗೂ ಅದು ಗೊತ್ತು, ಟೆಫ್ಲಾನ್ ಅಂತ. ನಲ್ಲಿ ಜೋಡಿಸುವಾಗ ಪ್ಲಂಬರ್ ತಿರುಪಿಗೆ ಸುತ್ತುವ ಬಿಳಿ ಟೇಪು ಅದೇ. ನಮ್ಮ ಪಂಪುಗಳಲ್ಲೂ ಅದೇ ಇರುತ್ತದೆ.

ಆಗ ನಮ್ಮ ವಿಭಾಗದ ಸ್ಥಿತಿ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಲೀಗಲ್ ವಿಭಾಗದ ಕೆಳಗೆ ಒಂದು ಸಣ್ಣ ತಂಡ. ಲೈಸೆನ್ಸ್ ನವೀಕರಣ ನೋಡಿಕೊಳ್ಳುವುದು, ಮಂತ್ರಿಗಳು ಕಾರ್ಖಾನೆಗೆ ಬಂದರೆ ವ್ಯವಸ್ಥೆ ಮಾಡುವುದು, ಉದ್ಯಮ ಸಂಘದ ಸಭೆಗೆ ಹೋಗಿ ಬರುವುದು, ಬಜೆಟ್ ಮಂಡನೆಯ ಮರುದಿನ ನಾಲ್ಕು ಸ್ಲೈಡ್ ಮಾಡುವುದು. ಏನಾದರೂ ಆದ ಮೇಲೆ ಕರೆಯುವ ವಿಭಾಗ ಅದು. ಹೊಸ ಪಂಪಿನ ವಿನ್ಯಾಸ ಚರ್ಚೆಗೆ, ಹೊಸ ಕಾರ್ಖಾನೆಯ ಜಾಗ ಆರಿಸುವ ಸಭೆಗೆ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ.

ಆದರೆ ಹೊರಗಿನ ಲೋಕ ಆಗಲೇ ಬದಲಾಗಿತ್ತು. 2018ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟದ ಡೇಟಾ ರಕ್ಷಣೆ ನಿಯಮ ಜಾರಿಗೆ ಬಂದಾಗ, ಜಾಗತಿಕ ವಹಿವಾಟಿನ 4% ತನಕ ದಂಡ ಹಾಕಬಹುದು ಅನ್ನುವುದನ್ನು ಕೇಳಿ ಎಲ್ಲ ಕಂಪನಿಗಳ ಆಡಳಿತ ಮಂಡಳಿಗಳೂ ಎದ್ದು ಕೂತವು. 2022ರ ಆಗಸ್ಟಿನಲ್ಲಿ ಅಮೆರಿಕ ಚಿಪ್ ತಯಾರಿಕೆಗೆ ಅಂತ ಸುಮಾರು 52 ಬಿಲಿಯನ್ ಡಾಲರ್ ತೆಗೆದಿಟ್ಟಿತು. ಎಲ್ಲಿ ಕಾರ್ಖಾನೆ ಕಟ್ಟಬೇಕು ಅನ್ನುವ ಲೆಕ್ಕಾಚಾರವನ್ನೇ ಆ ಕಾಯ್ದೆ ಬದಲಿಸಿತು. ಸರ್ಕಾರಗಳು ಈಗ ತೆರಿಗೆ ಹಾಕಿ, ಲೈಸೆನ್ಸ್ ಕೊಟ್ಟು ಸುಮ್ಮನಾಗುತ್ತಿಲ್ಲ. ಏನನ್ನು ಯಾವುದರಿಂದ ಮಾಡಬೇಕು, ಎಲ್ಲಿ ಮಾಡಬೇಕು ಅನ್ನುವುದರ ತನಕ ಬಂದಿವೆ. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಪಿಎಫ್‌ಎಎಸ್ ವಿಷಯದಲ್ಲಂತೂ ನಿಯಮ ಬೇಕೇ ಬೇಕು. ಈ ರಾಸಾಯನಿಕಗಳು ಪ್ರಕೃತಿಯಲ್ಲಿ ಸುಲಭವಾಗಿ ಒಡೆದು ನಾಶವಾಗುವುದಿಲ್ಲ. ಕುಡಿಯುವ ನೀರಿನಲ್ಲಿ ಸಿಕ್ಕಿವೆ, ಜನರ ರಕ್ತದಲ್ಲಿ ಸಿಕ್ಕಿವೆ. ಆ ಪ್ರಸ್ತಾವವನ್ನು ತಡೆಯುವುದು ನನ್ನ ಕೆಲಸ ಅಂತ ನನಗೆ ಯಾವತ್ತೂ ಅನಿಸಲಿಲ್ಲ.

ಮಾರ್ಚ್ 22ರಿಂದ ಸೆಪ್ಟೆಂಬರ್ 25ರ ತನಕ ಸಾರ್ವಜನಿಕ ಅಭಿಪ್ರಾಯಕ್ಕೆ ಅವಕಾಶ ಇತ್ತು. ಯಾರು ಬೇಕಾದರೂ ಬರೆಯಬಹುದು. ಆರು ತಿಂಗಳು ಅಂದರೆ ಧಾರಾಳ ಅನಿಸುತ್ತದೆ ಅಲ್ವಾ? ನಮ್ಮ ಪಂಪಿನಲ್ಲಿ ಪಿಎಫ್‌ಎಎಸ್ ಎಲ್ಲೆಲ್ಲಿದೆ ಅನ್ನುವ ಒಂದೇ ಪ್ರಶ್ನೆಗೆ ಅದರಲ್ಲಿ ಅರ್ಧ ಸಮಯ ಹೋಯಿತು.

ಆ ಮಾಹಿತಿ ಯಾವ ಕಂಪ್ಯೂಟರಿನಲ್ಲೂ ಇರಲಿಲ್ಲ. ಬಿಡಿಭಾಗಗಳ ಪಟ್ಟಿಯಲ್ಲಿ ‘ಸೀಲ್ ಕಿಟ್’ ಅಂತ ಒಂದು ಸಾಲು ಇರುತ್ತದೆ, ಅಷ್ಟೇ. ಆ ಕಿಟ್ ಒಳಗೆ ಯಾವ ರಬ್ಬರ್, ಯಾವ ಪ್ಲಾಸ್ಟಿಕ್ ಅಂತ ಬರೆದಿರುವುದಿಲ್ಲ. ಕೊನೆಗೆ ಸರ್ವಿಸ್ ವರ್ಕ್‌ಶಾಪಿಗೆ ಹೋಗಿ ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕೇಳಿಕೊಂಡೆ. ಅವರು ಒಂದು ಆಸಿಡ್ ಪಂಪನ್ನು ಬೆಂಚಿನ ಮೇಲೆ ಬಿಚ್ಚಿ, ಬಟ್ಟೆ ಹಾಸಿ ಒಂದೊಂದೇ ಭಾಗವನ್ನು ಸಾಲಾಗಿ ಇಟ್ಟರು. ಬಿಳಿ ಗ್ಯಾಸ್ಕೆಟ್. ಶಾಫ್ಟ್ ಸುತ್ತ ತುರುಕುವ ಹೆಣೆದ ಪ್ಯಾಕಿಂಗ್. ಕಪ್ಪು ಓ-ರಿಂಗುಗಳು. ಕೇಸಿಂಗ್ ಒಳಮೈಗೆ ಅಂಟಿದ ಬಿಳಿ ಲೈನಿಂಗ್. ಮೋಟಾರಿನ ವೈರಿನ ಹೊದಿಕೆ. ಬೇರಿಂಗಿನ ಗ್ರೀಸ್.

‘ಸರ್, ಇದರಲ್ಲಿ ಬಿಳಿ ಇರೋದೆಲ್ಲ ಟೆಫ್ಲಾನ್ ಅಂದ್ಕೊಳ್ಳಿ. ಕಪ್ಪು ರಿಂಗಲ್ಲಿ ಎರಡು ಜಾತಿ ಇದೆ. ನೋಡೋಕೆ ಒಂದೇ ಥರ. ನೀರಿಗೆ ಹಾಕೋದು ಬೇರೆ, ಬಿಸಿ ಎಣ್ಣೆಗೆ ಹಾಕೋದು ಬೇರೆ. ಅದಲು ಬದಲು ಆದ್ರೆ ಉಬ್ಬಿ ಹೋಗುತ್ತೆ’ ಅಂದರು.

ಆ ಒಂದು ಮಾತಿನ ಮೇಲೆ ನಮ್ಮ ಇಡೀ ಪಟ್ಟಿ ನಿಂತಿತು. ನೀರಿಗೆ ಹಾಕುವ ಇಪಿಡಿಎಂ ರಬ್ಬರಿನಲ್ಲಿ ಫ್ಲೋರಿನ್ ಇಲ್ಲ. ಅದು ಎಣ್ಣೆಗೆ ತಾಳುವುದಿಲ್ಲ. ಬಿಸಿ ಎಣ್ಣೆಗೆ ಹಾಕುವ ಎಫ್‌ಕೆಎಂ ರಬ್ಬರ್ ಫ್ಲೋರಿನ್ ಇರುವಂಥದ್ದು, ಸುಮಾರು 200 ಡಿಗ್ರಿ ಸೆಲ್ಸಿಯಸ್ ತನಕ ತಾಳುತ್ತದೆ. ನಡುವೆ ನೈಟ್ರೈಲ್ ರಬ್ಬರ್ ಇದೆ. ಎಣ್ಣೆಗೆ ಆಗುತ್ತದೆ, ಆದರೆ 100 ಡಿಗ್ರಿ ದಾಟಿದರೆ ಬೇಗ ಗಟ್ಟಿಯಾಗುತ್ತದೆ. ಪಂಪಿನಲ್ಲಿ ಏನು ಹರಿಯುತ್ತದೆ, ಎಷ್ಟು ಬಿಸಿಯಲ್ಲಿ ಅನ್ನುವುದನ್ನು ಬಿಟ್ಟು ಸೀಲಿನ ಬಗ್ಗೆ ಮಾತಾಡುವುದಕ್ಕೇ ಆಗುವುದಿಲ್ಲ.

ಸರಬರಾಜು ಮಾಡುವವರಿಗೆ ಪತ್ರ ಬರೆದೆವು. ಕೆಲವರು ‘ನಮ್ಮ ಉತ್ಪನ್ನ ಇವತ್ತಿನ ಎಲ್ಲ ನಿಯಮಗಳಿಗೂ ಬದ್ಧ’ ಅಂತ ಒಂದು ಪ್ರಮಾಣಪತ್ರ ಕಳಿಸಿದರು. ನಾವು ಕೇಳಿದ್ದು ಅದಲ್ಲ. ಕೆಲವರು ಮಿಶ್ರಣ ಗುಟ್ಟಿನದು, ಹೇಳಲ್ಲ ಅಂದರು. ನಮ್ಮ ಹಾಳೆಯಲ್ಲಿ ಮೂರು ಕಾಲಂ ಇದ್ದವು: ಇದೆ, ಇಲ್ಲ, ಗೊತ್ತಿಲ್ಲ. ಬಹಳ ದಿನಗಳ ತನಕ ಮೂರನೆಯದೇ ತುಂಬುತ್ತಾ ಹೋಯಿತು. ಖರೀದಿ ವಿಭಾಗದವರು ಆರ್ಡರ್ ಕೊಡುವ ಮುಂಚೆ ಈ ಮಾಹಿತಿ ಬೇಕು ಅಂತ ಹಟ ಹಿಡಿದ ಮೇಲೆ ಉತ್ತರಗಳು ಬಂದವು.

ಅಷ್ಟರಲ್ಲಿ ಇನ್ನೊಂದು ಆಗಿತ್ತು. ಅಮೆರಿಕದ 3ಎಂ ಕಂಪನಿ 2025ರ ಕೊನೆಯೊಳಗೆ ಪಿಎಫ್‌ಎಎಸ್ ತಯಾರಿಕೆಯಿಂದಲೇ ಹೊರಗೆ ಬರುವುದಾಗಿ 2022ರ ಡಿಸೆಂಬರಿನಲ್ಲಿ ಘೋಷಿಸಿತ್ತು. 2023ರ ಜೂನಿನಲ್ಲಿ ಅದೇ ಕಂಪನಿ, ಕುಡಿಯುವ ನೀರಿಗೆ ಪಿಎಫ್‌ಎಎಸ್ ಸೇರಿದ ಮೊಕದ್ದಮೆಗಳಲ್ಲಿ, ಅಮೆರಿಕದ ಸಾರ್ವಜನಿಕ ನೀರು ಸರಬರಾಜು ಸಂಸ್ಥೆಗಳ ಜೊತೆ ಸುಮಾರು 10.3 ಬಿಲಿಯನ್ ಡಾಲರಿನ ರಾಜಿಗೆ ಒಪ್ಪಿತು. ನಿಯಮ ಇನ್ನೂ ಕರಡಿನಲ್ಲೇ ಇತ್ತು. ಸರಕು ಸಿಗುವ ದಾರಿ ಮಾತ್ರ ಆಗಲೇ ಕಿರಿದಾಗುತ್ತಿತ್ತು. ಈ ಎರಡು ಸುದ್ದಿಗಳನ್ನು ನಮ್ಮ ಹಾಳೆಯ ಪಕ್ಕದಲ್ಲಿಟ್ಟು ತೋರಿಸಿದಾಗಲೇ ನಮ್ಮ ಸಿಇಒ ಈ ವಿಷಯಕ್ಕೆ ಪೂರ್ತಿ ಗಮನ ಕೊಟ್ಟದ್ದು. ಕಾನೂನು ಓದುವವರು ಒಂದು ಕಡೆ, ಖರೀದಿಯವರು ಒಂದು ಕಡೆ, ವಿನ್ಯಾಸದವರು ಇನ್ನೊಂದು ಕಡೆ ಇದ್ದರು. ಮೂರನ್ನೂ ಒಟ್ಟಿಗೆ ನೋಡುವವರು ಯಾರೂ ಇರಲಿಲ್ಲ. ಆ ಕೆಲಸ ಹೆಚ್ಚುಕಡಿಮೆ ತಾನಾಗಿಯೇ ನಮ್ಮ ವಿಭಾಗದ ಹೆಗಲಿಗೆ ಬಂತು.

ಸರ್ಕಾರಕ್ಕೆ ಏನು ಹೇಳಬೇಕು ಅನ್ನುವುದು ಮುಂದಿನ ಪ್ರಶ್ನೆ. ಇಲ್ಲಿ ನನಗೆ ಹೆಚ್ಚು ಕಷ್ಟ ಕೊಟ್ಟವರು ಅಧಿಕಾರಿಗಳಲ್ಲ, ನಮ್ಮವರೇ.

ಸೇಲ್ಸ್ ಮುಖ್ಯಸ್ಥರ ವಾದ ನೇರವಾಗಿತ್ತು. ‘ಕೇಳೋದಾದರೆ ಎಲ್ಲ ಪಂಪಿಗೂ ವಿನಾಯ್ತಿ ಕೇಳಿ. ಅವರು ಕಡಿಮೆ ಮಾಡಿದರೆ ಆಮೇಲೆ ನೋಡೋಣ.’ ನಾನು ಒಪ್ಪಲಿಲ್ಲ. ನೀರಿನ ಪಂಪಿಗೆ ಇಪಿಡಿಎಂ ಸಾಕು, ಅದಕ್ಕೂ ವಿನಾಯ್ತಿ ಕೇಳಿದರೆ ವಿಷಯ ಬಲ್ಲ ಅಧಿಕಾರಿಗೆ ಓದಿದ ತಕ್ಷಣ ತಿಳಿಯುತ್ತದೆ. ಆಮೇಲೆ ಬಿಸಿ ನೈಟ್ರಿಕ್ ಆಸಿಡ್ ಪಂಪಿನ ಬಗ್ಗೆ ನಿಜ ಹೇಳಿದರೂ ನಂಬುವುದಿಲ್ಲ. ಅಲ್ಲಿ ನಮಗೆ ನಿಜಕ್ಕೂ ಬೇರೆ ದಾರಿ ಇರಲಿಲ್ಲ. ಗ್ರಾಫೈಟ್ ಗ್ಯಾಸ್ಕೆಟ್ ಬಹಳ ಕಡೆ ಒಳ್ಳೆಯ ಬದಲಿ, ಆದರೆ ಪ್ರಬಲ ನೈಟ್ರಿಕ್ ಆಸಿಡ್ ಅದನ್ನು ತಿಂದುಹಾಕುತ್ತದೆ. ಅಲ್ಲಿ ಸೀಲ್ ಕೆಟ್ಟರೆ ಪಂಪಿನ ಪಕ್ಕದಲ್ಲಿ ನಿಂತ ಕೆಲಸಗಾರನ ಮೈಮೇಲೆ ಆಸಿಡ್ ಬೀಳುತ್ತದೆ. ಆ ಒಂದು ಮಾತಿಗೆ ಬೆಲೆ ಉಳಿಯಬೇಕಾದರೆ ಉಳಿದ ಕಡೆ ನಾವು ಕೈ ಬಿಡಬೇಕು ಅನ್ನುವುದು ನನ್ನ ವಾದ.

‘ನಾವು ಬಿಟ್ಟುಕೊಡ್ತೀವಿ ಸರಿ. ಎದುರಾಳಿ ಕಂಪನಿಯವರು ಬಿಟ್ಟುಕೊಡ್ತಾರಾ?’ ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ನನ್ನ ಹತ್ತಿರ ಖಚಿತ ಉತ್ತರ ಇರಲಿಲ್ಲ.

ಸಿಇಒ ಅಲ್ಲಿಯ ತನಕ ಸುಮ್ನೆ ಕೇಳುತ್ತಿದ್ದರು. ‘ನೀರಿನ ಪಂಪಿಗೆ ಬದಲಿ ಸೀಲ್ ಇವತ್ತು ಮಾರ್ಕೆಟ್ಟಲ್ಲಿ ಸಿಗುತ್ತಾ?’ ಅಂತ ಕೇಳಿದರು. ‘ಸಿಗುತ್ತೆ ಸರ್’ ಅಂದೆ. ‘ಹಾಗಿದ್ರೆ ಅದಕ್ಕೆ ವಿನಾಯ್ತಿ ಯಾಕೆ ಕೇಳ್ತೀರಿ? ಆ ಪಂಪುಗಳನ್ನು ಈಗಿನಿಂದಲೇ ಬದಲಿಸಿ.’ ಅಲ್ಲಿಗೆ ಚರ್ಚೆ ಮುಗಿಯಿತು. ವಿನ್ಯಾಸ ವಿಭಾಗಕ್ಕೆ ಕೆಲಸ ಜಾಸ್ತಿ ಆಯಿತು, ಸೇಲ್ಸಿನವರಿಗೆ ಬೇಸರ ಆಯಿತು.

ಒಂದು ಸಾಲಿಗಾಗಿ ನಡೆದ ಜಗಳ ಈಗಲೂ ನೆನಪಿದೆ. ನಮ್ಮ ಕರಡಿನಲ್ಲಿ ಯಾರೋ ‘ಇದಕ್ಕೆ ಬದಲಿ ವಸ್ತು ಜಗತ್ತಿನಲ್ಲೇ ಇಲ್ಲ’ ಅಂತ ಬರೆದಿದ್ದರು. ಓದಲು ಗಟ್ಟಿಯಾಗಿದೆ. ಆದರೆ ನಮಗೆ ಗೊತ್ತಿದ್ದದ್ದು ಅಷ್ಟಲ್ಲ. ಆ ಸಾಲು ತೆಗೆಸಿ, ನಾವು ಯಾವ ಯಾವ ವಸ್ತುಗಳನ್ನು ಯಾವ ಆಸಿಡ್‌ನಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ಗಂಟೆ ಓಡಿಸಿ ನೋಡಿದೆವು, ಪ್ರತಿಯೊಂದೂ ಯಾವಾಗ ಸೋರಿತು ಅಂತ ಬರೆಸಿದೆ. ಲೀಗಲ್‌ನವರಿಗೆ ಇದು ಇಷ್ಟವಾಗಲಿಲ್ಲ. ನಮ್ಮ ಸೀಲ್ ಸೋರಿತು ಅಂತ ನಾವೇ ಬರೆದುಕೊಡುವುದಾ ಅಂತ ಅವರ ಆತಂಕ. ಏಜೆನ್ಸಿಯ ವ್ಯವಸ್ಥೆಯಲ್ಲಿ ಎಲ್ಲರಿಗೂ ಕಾಣುವ ಭಾಗ ಬೇರೆ, ಗೋಪ್ಯವಾಗಿಡುವ ಭಾಗ ಬೇರೆ ಇರುತ್ತದೆ. ಗಿರಾಕಿಗಳ ಹೆಸರು, ಮಿಶ್ರಣದ ವಿವರ ಗೋಪ್ಯ ಭಾಗಕ್ಕೆ ಹೋಯಿತು. ಪರೀಕ್ಷೆಯ ಫಲಿತಾಂಶ ಎಲ್ಲರಿಗೂ ಕಾಣುವಲ್ಲೇ ಇರಲಿ ಅಂತ ನಾನು ಪಟ್ಟು ಹಿಡಿದೆ.

ಈ ನಡುವೆ ಉದ್ಯಮ ಸಂಘದ ನಿಯೋಗದ ಜೊತೆ ಅಧಿಕಾರಿಗಳನ್ನು ಭೇಟಿಯಾದೆವು. ನಮ್ಮ ಎದುರು ಕೂತ ಹಿರಿಯ ಅಧಿಕಾರಿ ನಾವು ಮೊದಲೇ ಕಳಿಸಿದ್ದ ಟಿಪ್ಪಣಿಯನ್ನು ಓದಿಕೊಂಡೇ ಬಂದಿದ್ದರು. ಪಕ್ಕದಲ್ಲಿ ಪೆನ್ಸಿಲ್ ಗುರುತುಗಳಿದ್ದವು. ಉದ್ಯೋಗ, ಹೂಡಿಕೆ ಅಂತ ನಮ್ಮವರು ಶುರು ಮಾಡಿದಾಗ ಅವರು ನಯವಾಗಿ ತಡೆದರು. ಒಂದು ಪಂಪಿನಲ್ಲಿ ಎಷ್ಟು ಗ್ರಾಂ ಇದೆ, ಸೀಲಿನ ಆಯಸ್ಸು ಎಷ್ಟು, ಬದಲಿಸಿದ ಮೇಲೆ ಹಳೆಯ ಸೀಲ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರು. ಮೊದಲ ಎರಡಕ್ಕೆ ಹಾಳೆ ನೋಡಿ ಉತ್ತರ ಕೊಟ್ಟೆ. ಮೂರನೆಯದನ್ನು ಬರೆದುಕೊಂಡು, ತಿಳಿದು ಹೇಳುತ್ತೇವೆ ಅಂದೆ.

ವಾಪಸ್ ಬಂದು ವಿಚಾರಿಸಿದರೆ, ಹಳೆಯ ಸೀಲುಗಳು ವರ್ಕ್‌ಶಾಪಿನ ಬೇರೆ ಗುಜರಿಯ ಜೊತೆಗೇ ಹೋಗುತ್ತಿದ್ದವು. ಆಮೇಲೆ ಏನಾಗುತ್ತದೆ ಅಂತ ಯಾರೂ ಕೇಳಿರಲಿಲ್ಲ. ಅವನ್ನು ಬೇರೆ ಡಬ್ಬದಲ್ಲಿ ಕೂಡಿಟ್ಟು, ಇಂಥ ಕಸವನ್ನು ಸರಿಯಾಗಿ ವಿಲೇವಾರಿ ಮಾಡುವವರಿಗೇ ಕೊಡುವ ಪದ್ಧತಿ ಶುರು ಮಾಡಿಸಿದೆವು. ಅಧಿಕಾರಿಯ ಒಂದು ಪ್ರಶ್ನೆಯಿಂದ ಆದ ಕೆಲಸ ಅದು. ನಮ್ಮ ಮಾತನ್ನು ಸರ್ಕಾರಕ್ಕೆ ಮುಟ್ಟಿಸುವುದು ಈ ಹುದ್ದೆಯ ಅರ್ಧ ಕೆಲಸ. ಅಲ್ಲಿಂದ ಬಂದ ಪ್ರಶ್ನೆಯನ್ನು ಕಾರ್ಖಾನೆಯ ಕಟ್ಟಕಡೆಯ ಬೆಂಚಿನ ತನಕ ಒಯ್ಯುವುದು ಇನ್ನರ್ಧ. ಇದರ ಬಗ್ಗೆ ಹೊರಗೆ ಯಾರೂ ಮಾತಾಡುವುದಿಲ್ಲ.

ಭೇಟಿಯ ದಾಖಲೆ ಬಗ್ಗೆ ಒಂದು ಮಾತು. ಈ ಹುದ್ದೆ ಅಂದ ತಕ್ಷಣ ಜನ ಕೇಳುವುದು, ಬಾಗಿಲು ಹಾಕಿಕೊಂಡು ಏನು ಮಾತಾಡ್ತೀರಿ ಅಂತ. ಕೇಳಲೇಬೇಕಾದ ಪ್ರಶ್ನೆ. ಐರೋಪ್ಯ ಒಕ್ಕೂಟದಲ್ಲಿ ಪಾರದರ್ಶಕತೆ ನೋಂದಣಿ ಪಟ್ಟಿ ಇದೆ. ಯಾರ ಪರವಾಗಿ ಬರುತ್ತೀರಿ, ಇದಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಅಂತ ಅದರಲ್ಲಿ ಹೇಳಬೇಕು. 2014ರ ಕೊನೆಯಿಂದ ಅಲ್ಲಿನ ಕಮಿಷನರ್‌ಗಳು ತಾವು ಯಾರನ್ನು ಭೇಟಿ ಮಾಡಿದೆವು ಅಂತ ಪ್ರಕಟಿಸುತ್ತಾರೆ. ಅಮೆರಿಕದಲ್ಲಿ 1995ರ ಲಾಬಿ ಬಹಿರಂಗ ಕಾಯ್ದೆ ಇದೆ, ಮೂರು ತಿಂಗಳಿಗೊಮ್ಮೆ ವರದಿ ಸಲ್ಲಿಸಬೇಕು. ಇಂಥ ಕಾನೂನು ಇಲ್ಲದ ದೇಶಗಳೂ ಬಹಳ ಇವೆ. ನಾವು ಎಲ್ಲ ಕಡೆಯೂ ಒಂದೇ ಕ್ರಮ ಇಟ್ಟುಕೊಂಡೆವು. ಒಬ್ಬರೇ ಹೋಗುವುದಿಲ್ಲ. ಭೇಟಿ ಮುಗಿದ ಮೇಲೆ ಏನು ಮಾತಾಡಿದೆವು ಅಂತ ಒಂದು ಪುಟ ಬರೆದು ಆ ಕಚೇರಿಗೇ ಕಳಿಸುತ್ತೇವೆ. ನನಗೆ ಇದರಲ್ಲಿ ಬಲವಾದ ನಂಬಿಕೆ ಇದೆ. ಯಾಕೆಂದರೆ ದೊಡ್ಡ ಕಂಪನಿಗೆ ನನ್ನಂಥ ವಿಭಾಗ ಇರುತ್ತದೆ, ನಮಗೆ ಸೀಲ್ ಮಾಡಿಕೊಡುವ ಸಣ್ಣ ಕಾರ್ಖಾನೆಗೆ ಇರುವುದಿಲ್ಲ. ಕಲುಷಿತ ನೀರು ಕುಡಿದ ಊರಿನವರಿಗಂತೂ ಇರುವುದೇ ಇಲ್ಲ. ನಾವು ಹೇಳಿದ್ದು ಎಲ್ಲರಿಗೂ ಓದಲು ಸಿಕ್ಕರೆ ಅವರೂ ಅದನ್ನು ಪ್ರಶ್ನಿಸಬಹುದು.

ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಏಜೆನ್ಸಿಗೆ 5,600ಕ್ಕೂ ಜಾಸ್ತಿ ಅಭಿಪ್ರಾಯಗಳು ಬಂದಿದ್ದವು. ಕಳಿಸಿದವರು 4,400ಕ್ಕೂ ಹೆಚ್ಚು. ಆಮೇಲೆ ಕಾಯುವ ಕಾಲ. ಈ ಕೆಲಸದಲ್ಲಿ ಕಾಯುವುದೇ ಬಹುಪಾಲು. ಕಂಪನಿಯ ಒಳಗೆ ಅದನ್ನು ಅರ್ಥ ಮಾಡಿಸುವುದು ಕಷ್ಟ. ಸೇಲ್ಸಿನವರಿಗೆ ತಿಂಗಳ ಲೆಕ್ಕ ಇರುತ್ತದೆ. ನಮಗೆ ಏನು ತೋರಿಸುವುದು? ಒಂದು ಕೆಟ್ಟ ನಿಯಮ ಬರಲಿಲ್ಲ ಅಂದರೆ ಅದು ನಮ್ಮಿಂದಲೇ ಬರಲಿಲ್ಲ ಅಂತ ಹೇಗೆ ಹೇಳುವುದು? ಈ ಪ್ರಶ್ನೆಗೆ ನಾವು ಕಂಡುಕೊಂಡ ದಾರಿ ಬೇರೆ. ಯಾವ ಕರಡು ನಿಯಮ ನಮ್ಮ ಯಾವ ಉತ್ಪನ್ನವನ್ನು ಮುಟ್ಟುತ್ತದೆ, ಎಷ್ಟು ಮುಂಚೆ ಕಂಪನಿಗೆ ತಿಳಿಸಿದೆವು, ತಿಳಿಸಿದ ಮೇಲೆ ಯಾವ ತೀರ್ಮಾನ ಬದಲಾಯಿತು ಅಂತ ದಾಖಲೆ ಇಡುತ್ತೇವೆ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ವ್ಯಾಪಾರಕ್ಕೆ ತೊಡಕಾಗಬಹುದಾದ ತಾಂತ್ರಿಕ ನಿಯಮಗಳ ಕರಡನ್ನು ಮೊದಲೇ ತಿಳಿಸಬೇಕು, ಅಭಿಪ್ರಾಯಕ್ಕೆ ಸಾಮಾನ್ಯವಾಗಿ 60 ದಿನ ಕೊಡುವುದು ಅಲ್ಲಿನ ಶಿಫಾರಸು. ಆ ಪ್ರಕಟಣೆಗಳನ್ನು ದಿನಾ ಬೆಳಿಗ್ಗೆ ನೋಡುವುದಕ್ಕೇ ಒಬ್ಬರು ಇದ್ದಾರೆ.

2025ರ ಏಪ್ರಿಲ್ 2ರಂದು ಅಮೆರಿಕ ಹೊಸ ಆಮದು ಸುಂಕ ಘೋಷಿಸಿದಾಗ ಈ ತಯಾರಿ ಕೆಲಸಕ್ಕೆ ಬಂತು. 5ರಿಂದ ಬಹುತೇಕ ಎಲ್ಲ ದೇಶಗಳಿಗೂ 10% ಮೂಲ ಸುಂಕ ಶುರು. ದೇಶವಾರು ಹೆಚ್ಚುವರಿ ಸುಂಕಕ್ಕೆ 9ರಂದು, ಚೀನಾ ಒಂದನ್ನು ಬಿಟ್ಟು, 90 ದಿನಗಳ ತಡೆ. ಉಕ್ಕು, ಅಲ್ಯೂಮಿನಿಯಮ್ ಮೇಲೆ ಮಾರ್ಚಿನಿಂದಲೇ ಇದ್ದ 25% ಜೂನಿನಲ್ಲಿ ಬಹುತೇಕ ದೇಶಗಳಿಗೆ 50% ಆಯಿತು. ಒಂದು ವಾರದೊಳಗೆ ಲೆಕ್ಕ ಮತ್ತೆ ಮತ್ತೆ ಬದಲಾಗುವ ಪರಿಸ್ಥಿತಿ. ಯಾವ ಭಾಗ ಯಾವ ದೇಶದಿಂದ ಬರುತ್ತದೆ ಅಂತ ಎಲ್ಲರೂ ಹುಡುಕುತ್ತಿದ್ದರು. ಅದು ನಮ್ಮ ಹಾಳೆಯಲ್ಲಿತ್ತು. ಪಿಎಫ್‌ಎಎಸ್ ಹುಡುಕುವಾಗ ಪ್ರತಿ ಭಾಗದ ತಯಾರಕರು ಯಾರು, ಎಲ್ಲಿಯವರು ಅಂತ ಬರೆದುಕೊಂಡಿದ್ದೆವು. ಆ ವಾರದ ಸಭೆಗಳಿಗೆ ಮೊದಲು ಕರೆದದ್ದು ನಮ್ಮನ್ನೇ. ಅದಾದ ಮೇಲೆ ನಮ್ಮ ವಿಭಾಗ ಲೀಗಲ್‌ನಿಂದ ಹೊರಬಂದು ನೇರವಾಗಿ ಸಿಇಒ ಕೆಳಗೆ ಸೇರಿತು. ಹೊಸ ಉತ್ಪನ್ನದ ವಿನ್ಯಾಸ ಪರಿಶೀಲನೆಯಲ್ಲಿ ನಮ್ಮ ಸಹಿ ಇಲ್ಲದೆ ಫೈಲ್ ಮುಂದೆ ಹೋಗುವುದಿಲ್ಲ.

2025ರ ಆಗಸ್ಟ್ 20ರಂದು ಏಜೆನ್ಸಿ ಪಿಎಫ್‌ಎಎಸ್ ಪ್ರಸ್ತಾವದ ಪರಿಷ್ಕೃತ ದಾಖಲೆ ಪ್ರಕಟಿಸಿತು. ಮೊದಲ ಪ್ರಸ್ತಾವದಲ್ಲಿ ಹೆಸರಿಲ್ಲದ ಎಂಟು ಕ್ಷೇತ್ರಗಳನ್ನು ಈ ಸಲ ಪ್ರತ್ಯೇಕವಾಗಿ ಪರಿಶೀಲಿಸಿದ್ದರು. ಅದರಲ್ಲಿ ಸೀಲುಗಳು ಒಂದು, ಯಂತ್ರಗಳು ಇನ್ನೊಂದು. ಪೂರ್ತಿ ನಿಷೇಧದ ಬದಲು, ಹೊರಸೂಸುವುದನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಿ ಕೆಲವು ಬಳಕೆ ಮುಂದುವರಿಸಬಹುದಾ ಅನ್ನುವ ಆಯ್ಕೆಯನ್ನೂ ಚರ್ಚೆಗೆ ತೆಗೆದುಕೊಂಡಿದ್ದರು. ನಮ್ಮೊಬ್ಬರ ಪತ್ರದಿಂದ ಹೀಗಾಯಿತು ಅಂದರೆ ಸುಳ್ಳಾಗುತ್ತದೆ. ಸೀಲ್ ತಯಾರಕರು, ಪಂಪಿನವರು, ರಾಸಾಯನಿಕ ಕಾರ್ಖಾನೆಯವರು ಎಲ್ಲರೂ ಬರೆದಿದ್ದರು. ಆದರೆ ಗ್ರಾಂ ಲೆಕ್ಕ ಕೊಟ್ಟವರು, ಹಳೆಯ ಸೀಲ್ ಎಲ್ಲಿಗೆ ಹೋಗುತ್ತದೆ ಅಂತ ಹೇಳಿದವರು ಇದ್ದದ್ದರಿಂದಲೇ ಇಂಥ ಆಯ್ಕೆ ಚರ್ಚೆಗೆ ಬರುವಂತಾಯಿತು ಅಂತ ನನ್ನ ಅಂದಾಜು.

ಈಗ ನಮ್ಮ ತಂಡದಲ್ಲಿ ಒಬ್ಬರು ಪಾಲಿಮರ್ ಇಂಜಿನಿಯರ್ ಇದ್ದಾರೆ, ಒಬ್ಬರು ಸುಂಕದ ಕೋಡ್ ಬಲ್ಲವರು. ನಿವೃತ್ತ ಅಧಿಕಾರಿಯೊಬ್ಬರನ್ನು ಸೇರಿಸಿಕೊಳ್ಳಿ, ಅವರಿಗೆ ಎಲ್ಲರ ಪರಿಚಯ ಇದೆ ಅಂತ ಸಲಹೆ ಕೊಡುವವರು ಇನ್ನೂ ಇದ್ದಾರೆ. ಪರಿಚಯದಿಂದ ಭೇಟಿಗೆ ಸಮಯ ಸಿಗಬಹುದು. ಎದುರು ಕೂತವರು ಗ್ರಾಂ ಎಷ್ಟು ಅಂತ ಕೇಳಿದರೆ ಪರಿಚಯ ಉತ್ತರ ಹೇಳುವುದಿಲ್ಲ. ಹಾಗಾಗಿ ಮುಂದಿನ ಹುದ್ದೆಗೂ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರನ್ನೇ ಹುಡುಕುತ್ತಿದ್ದೇನೆ. ನೀರಿನ ಪಂಪುಗಳ ಸೀಲ್ ಬದಲಾವಣೆ ಹೆಚ್ಚುಕಡಿಮೆ ಮುಗಿದಿದೆ. ಬಿಸಿ ಎಣ್ಣೆಯವುಗಳ ಪರೀಕ್ಷೆ ನಡೆಯುತ್ತಿದೆ. ನೈಟ್ರಿಕ್ ಆಸಿಡ್ ಪಂಪಿಗೆ ಇನ್ನೂ ಬದಲಿ ಸಿಕ್ಕಿಲ್ಲ. ಅದನ್ನು ಹಾಗೆಯೇ ಬರೆದು, ಹೊಸ ಪರೀಕ್ಷೆಗಳ ಫಲಿತಾಂಶದ ಜೊತೆ ಮುಂದಿನ ಸುತ್ತಿಗೆ ಕಡತ ಸಿದ್ಧ ಮಾಡುತ್ತಿದ್ದೇವೆ.